ಆಪಾ ಸೈಡ್

ನಿನ್ನೆ ಬೆಳಿಗ್ಗೆ ರಿಪೇರಿಯವನು ಬಂದು ನನ್ನ ಹಳೆಯ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಹೋದ. ಎಲ್ಲೆಲ್ಲಿ ತೂತು ಕಂಡಿತೋ ಅಲ್ಲೆಲ್ಲ ಬಿಟ್ಟಿದ್ದಾನೆ ಪುಣ್ಯಾತ್ಮ. ಚೆಂಬೂರಿನ ಈ ಪುಟ್ಟ ಫ್ಲ್ಯಾಟಿನ ಕಿಟಕಿಗಳನ್ನೆಲ್ಲ ತೆರೆದಿಟ್ಟರೂ ವಾಸನೆ ಹೋಗಲಿಲ್ಲ. ನಾನಂತೂ ಮೊದಲೇ ಒಂದು ಕಡೆ ಕೂರುವವಳಲ್ಲ. ಒಲೆ ಹಚ್ಚಿದೆ, ಆರಿಸಿದೆ, ಒಣಗದ ಬಟ್ಟೆ ಮಡಚಿದೆ, ಮತ್ತೆ ಬಿಚ್ಚಿ ಹಾಕಿದೆ. ಕಬ್ಬಿಣ ಮತ್ತು ಎಣ್ಣೆ ಕಲೆತ ಆ ವಾಸನೆ ನನ್ನನ್ನು ಭಾಂಡುಪಿನ ಚಾಳಿಗೆ, ಗೋಡೆಯಾಚೆಯ ಆಪಾರ ಮನೆಗೆ ಎಳೆದುಕೊಂಡು ಹೋಗಿಬಿಟ್ಟಿತ್ತು.

ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದವಳು ನಾನು. ಗಂಡ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಮನೆಗೆ ಬರುವುದು ನಾನು ಮಲಗಿದ ಮೇಲೆಯೇ. ಮಾತಿಗೆ ಜನವಿಲ್ಲದೆ ಹುಚ್ಚು ಹಿಡಿಯುವುದೊಂದು ಬಾಕಿ. ಅಂಥದರಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯಿಂದ ಯಾರೋ ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ ಹೊಲಿಗೆ ಮಿಷನ್ನಿಗೆ ಬೈಯುವುದು ಕೇಳಿಸಿತು. ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದ ಹೆಂಗಸು ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, “ನಿಂತ ಏನ್ ನೋಡ್ತಿ, ಬಾ ಒಳಗ. ಈ ದಾರ ಒಂದೀಟ ಪೋಣಿಸಿ ಕೊಡು” ಎಂದರು. ಅಷ್ಟೇ ಪರಿಚಯ. ಚಾಳಿನವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರಿಗೆ ನಾನು ತಂಗಿಯಾದೆ. ಅವರ ಯಜಮಾನರು ಲಾರಿ ಓಡಿಸುತ್ತಿದ್ದರು, ಮನೆಗೆ ಬರುವುದು ಯಾವಾಗಲೋ ಒಮ್ಮೆ. ಮನೆಯಲ್ಲಿದ್ದುದು ಆಪಾ ಮತ್ತು ಹೈಸ್ಕೂಲಿಗೆ ಹೋಗುವ ಒಬ್ಬಳೇ ಮಗಳು.

ಚಾಳಿನ ಹಿಂದೆ ಮುಚ್ಚಿದ ಕಾರ್ಖಾನೆಯೊಂದರ ಬಯಲಿತ್ತು. ಸಂಜೆಯಾದರೆ ಅಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಅವರ ನಡುವೆ ಆಪಾರ ಮಗಳು. ಕಾಲಿಗೆ ಚೆಂಡು ಸಿಕ್ಕರೆ ಬಿಡುವ ಪೈಕಿಯಲ್ಲ. ಹೊಲಿದದ್ದನ್ನು ಅಂಗಡಿಗೆ ಕೊಟ್ಟು ಬರಬೇಕಾದರೆ ಆಪಾ ಬಟ್ಟೆಯ ಗಂಟು ಹೊತ್ತು ಆ ಬಯಲನ್ನೇ ದಾಟಬೇಕಿತ್ತು. “ಎಷ್ಟ ಮರ್ಯಾದಿ ಹುಡುಗ್ರು ಅಂತಿ ತಂಗಿ! ನಾ ಬಂದ್ರ ಸಾಕು, ಆಪಾ ಸೈಡ್, ಆಪಾ ಸೈಡ್ ಅಂತ ಒದರ್ತಾವ, ಚೆಂಡ ಬಡದೀತು ಅಂತ” ಎಂದು ನನ್ನ ಹತ್ತಿರ ಮೆಚ್ಚಿಕೊಂಡಿದ್ದರು. ಈ ಊರಲ್ಲಿ ದಾರಿ ಬಿಡಿ ಎನ್ನಲು ಹಾಲಿನವನಿಂದ ಹಮಾಲನವರೆಗೆ ಎಲ್ಲರೂ ‘ಸೈಡ್’ ಎಂದೇ ಕೂಗುವುದು. ನನಗೂ ಅದರಲ್ಲಿ ಅನುಮಾನ ಬರಲಿಲ್ಲ. ಒಂದು ದಿನ ನಾವಿಬ್ಬರೂ ಬಯಲಿನ ಕಡೆಯ ಗ್ಯಾಲರಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾಗ ಕೆಳಗಿನಿಂದ ಮತ್ತೆ ಅದೇ ಕೂಗು ಬಂತು. ಆಪಾ ಮೊರವನ್ನು ಕೆಳಗಿಟ್ಟರು. “ನಾ ಇಲ್ಲಿ ಕುಂತೀನಿ. ಇವ್ರು ಯಾರಿಗೆ ಸೈಡ್ ಅನ್ನಾಕತ್ತಾರ?”

ಮಗಳು ಬಂದು ಅದು ಆಟದ ಒಂದು ರೂಲು, ‘ಆಫ್‌ಸೈಡ್’ ಎಂದು ಹೇಳಿದಾಗ ಆಪಾರ ಮುಖ ನೋಡಬೇಕಿತ್ತು! ಇಷ್ಟು ದಿನ ಬಟ್ಟೆಯ ಗಂಟು ಹೊತ್ತು ಕಾರ್ಖಾನೆಯ ಗೋಡೆಗೆ ಒತ್ತಿಕೊಂಡು ನಿಂತದ್ದೆಲ್ಲ ದಂಡ. ನಾನು ನಕ್ಕು ನಕ್ಕು ಸುಸ್ತಾದೆ. ಆಮೇಲೆ ಇಡೀ ಚಾಳಿಗೆ ಆ ರೂಲಿನ ಹೆಸರೇ ಆಪಾ ಸೈಡ್ ಆಯಿತು.

ಆದರೆ ಹಾಗೆಂದರೆ ಏನು? ನನಗೆ ಗೊತ್ತಿದ್ದುದು ಊರಿನ ಕಬಡ್ಡಿ. ನಡುಗೆರೆ ದಾಟಿದವರು ವಾಪಸು ಬರದಿದ್ದರೆ ಔಟ್, ಇದೂ ಹಾಗೇ ಇರಬೇಕು ಎಂದು ದೊಡ್ಡ ಪಂಡಿತೆಯಂತೆ ಹೇಳಿಬಿಟ್ಟೆ. ಆಪಾ ಅದನ್ನೇ ನಂಬಿ, ಮಗಳು ನಡುಗೆರೆ ದಾಟಿದಾಗಲೆಲ್ಲ “ತಿರುಗಿ ಬಾ, ಉಸರ ಹೋದೀತು” ಎಂದು ಗ್ಯಾಲರಿಯಿಂದ ಕೂಗುತ್ತಿದ್ದರು. ಹುಡುಗಿಗೆ ನಾಚಿಕೆಯೋ ನಾಚಿಕೆ. “ಆಂಟಿ, ಯೇ ಕಬಡ್ಡಿ ನಹೀ ಹೈ!” ಎಂದು ನನ್ನ ಮೇಲೆ ಹರಿಹಾಯ್ದಳು.

ಕೊನೆಗೆ ನಮಗೆ ತಿಳಿಹೇಳಿದವರು ಅವಳ ಶಾಲೆಯ ಕೋಚ್. ಜೆರ್ಸಿಗಳಿಗೆ ನಂಬರು ಹೊಲಿಸಲು ಆಪಾರ ಬಳಿ ಬರುತ್ತಿದ್ದರು. ಹೊಲಿಗೆ ಮುಗಿಯುವವರೆಗೆ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಹಿಂದಿಯಲ್ಲಿ ಕಥೆ ಹೇಳುತ್ತಿದ್ದರು. ಇಂಗ್ಲೆಂಡಿನ ಶಾಲೆಗಳಲ್ಲಿ ಹಿಂದೆ ಒಂದೊಂದು ಕಡೆ ಒಂದೊಂದು ನಿಯಮವಿತ್ತಂತೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೆಂದು ಕೆಲವರು, ಕೂಡದೆಂದು ಕೆಲವರು. ಆ ಜಗಳ ಬಗೆಹರಿಯದೆ ಆಟವೇ ಎರಡು ಪಾಲಾಗಿ, ಕಾಲಿನವರದು ಫುಟ್‌ಬಾಲ್ ಆಯಿತು, ಕೈಯವರದು ರಗ್ಬಿ. ಮೊದಮೊದಲು ಗೋಲಿನ ಮೇಲೆ ಅಡ್ಡಪಟ್ಟಿ ಇರಲಿಲ್ಲ, ಎರಡು ಕಂಬಗಳ ನಡುವೆ ಟೇಪು ಕಟ್ಟುತ್ತಿದ್ದರು ಎಂದಾಗ ಆಪಾ ಮಿಷನ್ ನಿಲ್ಲಿಸಿ, ತಮ್ಮ ಕೊರಳಿನ ಅಳತೆಯ ಟೇಪು ಮುಟ್ಟಿಕೊಂಡು ನಕ್ಕರು. ರೆಫರಿಯೂ ಆಮೇಲೆ ಬಂದವನೇ. ಮೊದಲು ಎರಡೂ ಕಡೆಯವರಿಗೆ ಒಬ್ಬೊಬ್ಬ ಅಂಪೈರ್, ಅವರಿಬ್ಬರಿಗೂ ಒಪ್ಪಂದವಾಗದಿದ್ದರೆ ಮಾತ್ರ ಮೈದಾನದ ಹೊರಗಿದ್ದ ಮೂರನೆಯವನನ್ನು ಕೇಳುವುದು...

ಆಫ್‌ಸೈಡ್ ಹೇಳಿಕೊಡಲು ಅವರು ನೆಲದ ಮೇಲೆ ಅಂಗಿಯ ಗುಂಡಿಗಳನ್ನು ಜೋಡಿಸಿದರು. ನಮ್ಮವರು ಚೆಂಡು ಮುಂದಕ್ಕೆ ಕೊಡುವ ಗಳಿಗೆಯಲ್ಲಿ, ಅದನ್ನು ಪಡೆಯಬೇಕಾದವನು ಎದುರಾಳಿಯ ಗೋಲಿನ ಹತ್ತಿರ ಹೋಗಿ ಕಾದು ನಿಂತಿರಬಾರದು. ಅವನಿಗೂ ಗೋಲಿಗೂ ನಡುವೆ ಎದುರಿನವರು ಕಡಿಮೆಯೆಂದರೆ ಇಬ್ಬರಾದರೂ ಇರಬೇಕು. ಸಾಮಾನ್ಯವಾಗಿ ಒಬ್ಬ ಗೋಲ್‌ಕೀಪರ್, ಇನ್ನೊಬ್ಬ ಕಾಯುವವನು. ಹಿಂದೆ ಮೂವರು ಬೇಕಿತ್ತಂತೆ, ಆಗ ಗೋಲು ಹೊಡೆಯುವುದೇ ಕಷ್ಟವಾಗಿ ಇಬ್ಬರಿಗೆ ಇಳಿಸಿದರು. ಆಪಾ ಗುಂಡಿಗಳನ್ನು ಆಚೆ ಈಚೆ ಸರಿಸಿ ಸರಿಸಿ ನೋಡಿದರು. “ಅಂದ್ರ ಚೆಂಡ ಮುಟ್ಟೂವಾಗ ಎಲ್ಲಿದ್ದಿ ಅಂತಲ್ಲ, ಅಲ್ಲಿಂದ ಬಿಟ್ಟಾಗ ಎಲ್ಲಿದ್ದಿ ಅಂತ ನೋಡೂದು” ಎಂದರು. ಕೋಚ್ ತಲೆಯಾಡಿಸಿದರು. ನನಗಂತೂ ಅರ್ಥವಾಗಲು ಇನ್ನೂ ಒಂದು ಮಳೆಗಾಲ ಬೇಕಾಯಿತು.

ಆ ಮಳೆಗಾಲ ಮುಗಿಯುತ್ತಿದ್ದಾಗ ಕೋಚ್ ಬೇರೆಯೇ ಮಾತು ತಂದರು. ಪುಣೆಯ ಒಂದು ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸುತ್ತಿದ್ದಾರೆ, ಕಾಂದಿವಲಿಯಲ್ಲಿ ಆಯ್ಕೆಯ ಪಂದ್ಯವಿದೆ. ಆಯ್ಕೆಯಾದರೆ ಓದು, ಊಟ, ಆಟ ಎಲ್ಲ ಅಲ್ಲಿಯೇ. ಹುಡುಗಿ ಅಂದಿನಿಂದ ನೆಲದ ಮೇಲೆ ನಡೆದದ್ದನ್ನು ನಾನು ನೋಡಲಿಲ್ಲ. ಆಪಾ ಬೇಡ ಎನ್ನಲಿಲ್ಲ. ಆದರೆ ಅವರ ಕೈ ನಿಲ್ಲದಾಯಿತು. ಹೊಲಿದ ಬ್ಲೌಸನ್ನು ಬಿಚ್ಚುವುದು, ಮತ್ತೆ ಹೊಲಿಯುವುದು. ಮಾತಿನ ನಡುವೆ ಎದ್ದು ಗ್ಯಾಲರಿಯ ಆ ತುದಿಗೆ ಹೋಗಿ ಈ ತುದಿಗೆ ಬರುವುದು. “ಒಂದ್ ಕಡೆ ಕೂತ್ಕೊಳ್ಳಿ ಮಾರಾಯ್ರೇ, ನನ್ಗೇ ತಲೆ ತಿರುಗ್ತದೆ” ಎಂದು ರೇಗಿದೆ. “ಕುಂದ್ರಾಕ ಆಗವಲ್ದು ತಂಗಿ” ಎಂದರಷ್ಟೆ. ಮಗಳು ಆಯ್ಕೆಯಾಗದಿದ್ದರೆ ಅವಳ ಎದೆ ಒಡೆಯುತ್ತದೆ, ಆಯ್ಕೆಯಾದರೆ ಈ ಮನೆ ಖಾಲಿಯಾಗುತ್ತದೆ. ಅವರು ದುವಾ ಕೇಳಲು ಕೈ ಎತ್ತಿ, ಏನು ಕೇಳಬೇಕೆಂದು ತಿಳಿಯದೆ ಹಾಗೇ ಇಳಿಸಿದ್ದನ್ನು ನಾನು ಕಂಡಿದ್ದೇನೆ.

ಪಂದ್ಯದ ದಿನ ದಾದರಿನಲ್ಲಿ ಗಾಡಿ ಬದಲಿಸಿ ನಾವಿಬ್ಬರೂ ಕಾಂದಿವಲಿಗೆ ಹೋದೆವು. ಮೈದಾನ ಇನ್ನೂ ಒದ್ದೆಯಿತ್ತು. ಶಾಲೆಯ ಕಡೆಯವರೆಲ್ಲ ಒಂದು ಮರದಡಿ ಗುಂಪಾಗಿ ನಿಂತಿದ್ದರೆ ಆಪಾ ಮಾತ್ರ ಗೆರೆಯ ಉದ್ದಕ್ಕೂ ಆಚೆಗೂ ಈಚೆಗೂ ನಡೆಯುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನೀರಿನ ಬಾಟಲಿ ಹಿಡಿದುಕೊಂಡು. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯಲು ಬಂದಿತ್ತು. ಆಗ ಮಧ್ಯದಿಂದ ಯಾರೋ ಒಬ್ಬಳು ಚೆಂಡನ್ನು ಉದ್ದಕ್ಕೆ ಬಿಟ್ಟಳು. ನಮ್ಮ ಹುಡುಗಿ ಎಲ್ಲರನ್ನೂ ಹಿಂದೆ ಹಾಕಿ ಓಡಿ, ಗೋಲ್‌ಕೀಪರ್ ಹುಡುಗಿಯನ್ನು ಒಂದು ಪಕ್ಕಕ್ಕೆ ಯಾಮಾರಿಸಿ, ಚೆಂಡನ್ನು ಬಲೆಗೆ ಹಾಕಿದಳು. ನಾನು ಕಿರುಚಿಕೊಂಡೆ. ಬಾಟಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಆದರೆ ಗೆರೆ ಕಾಯುವ ಲೈನ್ಸ್‌ಮನ್ನನ ಬಾವುಟ ಮೇಲಿತ್ತು, ಆಫ್‌ಸೈಡ್ ಎಂದು. ನಮ್ಮ ಗುಂಪು ಅವನ ಮೇಲೆ ಮುಗಿಬಿತ್ತು. ಮೋಸ, ಕಣ್ಣು ಕಾಣುವುದಿಲ್ಲವೇ ಎಂದು ಹಿಂದಿ, ಮರಾಠಿ ಎರಡರಲ್ಲೂ ಬೈಗುಳ. ಆಗ ನನ್ನ ಪಕ್ಕದಿಂದಲೇ ಆಪಾ ಗಂಟಲು ಹರಿಯುವಂತೆ ಕೂಗಿದರು. “ಆಪ್‌ಸೈಡ್ ಐತಿ! ಖರೇನ ಆಪ್‌ಸೈಡ್ ಐತಿ!” ಭಾಷೆ ಬಾರದವರಿಗೂ ಅದು ತಿಳಿಯಿತು. ನಡೆಯುತ್ತ ನಡೆಯುತ್ತ ಅವರು ಚೆಂಡು ಬಿಟ್ಟ ಗಳಿಗೆಗೆ ಸರಿಯಾಗಿ ಕೊನೆಯ ಕಾವಲು ಹುಡುಗಿಯ ನೇರಕ್ಕೆ ಬಂದು ನಿಂತಿದ್ದರು. ಗುಂಪು ಹಿಂದೆ ಸರಿಯಿತು. ಮಗಳು ಸೊಂಟದ ಮೇಲೆ ಕೈಯಿಟ್ಟು ತಾಯಿಯನ್ನು ಒಮ್ಮೆ ನೋಡಿ, ತಿರುಗಿ ಓಡಿಹೋದಳು. ಪಂದ್ಯ ಗೋಲಿಲ್ಲದೆಯೇ ಮುಗಿಯಿತು.

ಹುಡುಗಿ ಟೀಮಿನವರ ಜೊತೆಗೇ ಉಳಿದಳು. ನಾವಿಬ್ಬರೇ ಲೇಡೀಸ್ ಡಬ್ಬಿಯಲ್ಲಿ ವಾಪಸು ಬಂದೆವು. ಬಾಂದ್ರಾ ದಾಟುವವರೆಗೆ ಆಪಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು. “ಆಪ್‌ಸೈಡ್ ಖರೇನ ಇತ್ತು, ನಾ ಸುಳ್ಳ ಹೇಳಿಲ್ಲ. ಆದ್ರ ಆ ಬಾವುಟ ಮ್ಯಾಲ ಹೋತು ನೋಡು... ನಂಗ ಖುಷಿ ಆತು ತಂಗಿ. ಇನ್ನ ಹೋಗೂದಿಲ್ಲ, ಮನ್ಯಾಗ ಇರ್ತಾಳ ಅನಿಸ್ತು. ಹಡದಾಕಿ ಹಿಂಗ ಅನ್ಕೋಬಹುದೇನು?” ನನಗೆ ಆಗಿನ್ನೂ ಮಕ್ಕಳಿರಲಿಲ್ಲ. ನೀರು ಕುಡಿಯಿರಿ ಎಂದೆ. ಬಾಟಲಿ ಮೈದಾನದಲ್ಲೇ ಉಳಿದಿದ್ದು ಆಗ ನೆನಪಾಯಿತು.

ಆಯ್ಕೆ ಮಾಡುವವರು ಗೋಲನ್ನು ಮಾತ್ರ ನೋಡುತ್ತಿರಲಿಲ್ಲ, ಅವಳ ಓಟವನ್ನೂ ನೋಡಿದ್ದರು. ಮುಂದಿನ ವಾರ ಕೋಚ್ ಸಿಹಿ ಹಿಡಿದುಕೊಂಡೇ ಬಂದರು. ಆಪಾ ಚೂರು ಬಾಯಿಗೆ ಹಾಕಿಕೊಂಡು “ಛಲೋ ಆತು” ಎಂದು ಮಿಷನ್ ತುಳಿಯತೊಡಗಿದರು. ಹಾಸ್ಟೆಲಿಗೆಂದು ಏನೇನೋ ಹೊಲಿದರು. ದಾದರಿನಲ್ಲಿ ಪುಣೆಯ ಗಾಡಿಗೆ ಮಗಳನ್ನು ಹತ್ತಿಸಿ, ಅದು ಹೊರಡುವ ಮೊದಲೇ “ನಂಗ ಬ್ಲೌಸ್ ಕೊಡೂದೈತಿ” ಎಂದು ತಿರುಗಿ ನಡೆದುಬಿಟ್ಟರು. ಕಿಟಕಿಯಿಂದ ಚಾಚಿದ್ದ ಕೈಗೆ ನಾನೊಬ್ಬಳೇ ಕೈಬೀಸಿದೆ. ಆಮೇಲೆ ಸೇತುವೆಯ ಮೆಟ್ಟಿಲಲ್ಲಿ ಓಡಿದರೂ ಅವರನ್ನು ಹಿಡಿಯಲಾಗಲಿಲ್ಲ.

ಕೆಲವು ವರ್ಷಗಳಲ್ಲಿ ಚಾಳು ಕೆಡವಿ ಬಿಲ್ಡಿಂಗ್ ಕಟ್ಟುತ್ತಾರೆಂದು ಎಲ್ಲರೂ ಚದುರಿದೆವು. ನಾನು ಚೆಂಬೂರಿಗೆ, ಆಪಾ ಹುಬ್ಬಳ್ಳಿಗೆ. ಹಬ್ಬಕ್ಕೊಮ್ಮೆ ಫೋನು ಬರುತ್ತಿತ್ತು. ಆಮೇಲೆ ಅದೂ ಅಪರೂಪವಾಯಿತು. ಹೋಗಿ ಬರಬೇಕು, ಹೋಗಿ ಬರಬೇಕು ಎಂದುಕೊಳ್ಳುತ್ತಲೇ... ಈ ಮಳೆಗಾಲದಲ್ಲಿ ಅವರು ತೀರಿಹೋದರು. ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಅಂದಿನಿಂದಲೂ ನನಗೆ ಸಮಾಧಾನವಿಲ್ಲ.

ನಿನ್ನೆ ಸಂಜೆ ಆಪಾರ ಮಗಳಿಗೆ ನಾನೇ ಫೋನು ಮಾಡಿದೆ. ಅವಳೀಗ ಪುಣೆಯಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಾಳೆ. ಹೊಸದಾಗಿ ಬಂದವರಿಗೆಲ್ಲ ಮೊದಲು ಹೇಳುವುದು ಕಾಂದಿವಲಿಯ ಕಥೆಯನ್ನೇ ಅಂತೆ. ಸ್ವಂತ ಮಗಳ ಗೋಲನ್ನೂ ಆಫ್‌ಸೈಡ್ ಎಂದು ಕೂಗಿದ ತಾಯಿಯ ಕಥೆ. ಹೆಮ್ಮೆಯಿಂದಲೇ ಹೇಳಿಕೊಂಡಳು. ಆಮೇಲೆ ಸ್ವರ ಇಳಿಯಿತು. “ಲೇಕಿನ್ ಆಂಟಿ, ಅಮ್ಮಿ ನನಗೆ ಒಂದ್ ಸಲಾನೂ ಹೋಗಬ್ಯಾಡ ಅಂದಿಲ್ಲ. ಟ್ರೇನ್ ಬಿಡೋ ತನಕಾನೂ ನಿಂತಿಲ್ಲ.”

ಹೇಳಲೋ ಬೇಡವೋ ಎಂದು ಅಡಿಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡಿಗೆಮನೆಗೆ ನಡೆದೆ. ಅಷ್ಟು ವರ್ಷ ಜೋಪಾನ ಮಾಡಿದ ಅವಳ ಕಥೆಯನ್ನು ನಾನು ಹಾಳುಮಾಡಿದರೆ? ಆದರೆ ಇನ್ನು ಅದನ್ನು ಹೇಳಲು ನನ್ನನ್ನು ಬಿಟ್ಟರೆ ಯಾರೂ ಉಳಿದಿಲ್ಲ. ರೈಲಿನಲ್ಲಿ ಆಪಾ ಹೇಳಿದ್ದನ್ನು ಹೇಳಿಬಿಟ್ಟೆ.

“ಫಿರ್‌ಸೇ ಬೋಲೋ ನಾ, ಆಂಟಿ” ಎಂದಳು. “ಇನ್ನೊಮ್ಮೆ, ಅಮ್ಮಿ ಹೆಂಗ ಹೇಳಿದ್ರೋ ಹಂಗ. ಅವರ ಕನ್ನಡದಾಗ.”

ಉಡುಪಿಯ ಕಡೆಯ ನಾಲಿಗೆ ನನ್ನದು. ಆಪಾರ ಮಾತನ್ನು ಅಣಕಿಸಿ ಅವರನ್ನು ನಗಿಸಿದ್ದುಂಟು, ಹೀಗೆ ನಿಜವಾಗಿ ಆಡಿದ್ದಿಲ್ಲ. ಬಾಲ್ಕನಿಯ ಬಾಗಿಲು ಹಿಡಿದುಕೊಂಡು ನಿಂತೆ.

“ನಂಗ ಖುಷಿ ಆತು ತಂಗಿ” ಎಂದೆ. “ಇನ್ನ ಹೋಗೂದಿಲ್ಲ, ಮನ್ಯಾಗ ಇರ್ತಾಳ ಅನಿಸ್ತು.”