ಪಂಪ್‌ಸೆಟ್ಟು ಓಡುವ ಹೊತ್ತಿನಲ್ಲಿ ಮಾಡಿದ ರೆಕಾರ್ಡು

ಆ ರೆಕಾರ್ಡಿನ ಮಾತು ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಕ್ಕಳು ನನ್ನೆತ್ತರಕ್ಕೆ ಬೆಳೆದಿದ್ದಾರೆ, ಸಿಟ್ಟು ಮಾತ್ರ ಹಾಗೇ ಇದೆ.

ಎಪ್ಪತ್ತರ ದಶಕದ ಕೊನೆ. ನಮ್ಮ ಮನೆ ಮದ್ದೂರಿನ ಅಂಚಿನಲ್ಲಿತ್ತು. ಹಿತ್ತಿಲು ದಾಟಿದರೆ ಕಬ್ಬಿನ ಗದ್ದೆ. ಮಂಡ್ಯದ ಹತ್ತಿರದ ಕೃಷಿ ಕೇಂದ್ರ ವಿ.ಸಿ. ಫಾರಂನಲ್ಲಿ ಗುಮಾಸ್ತನಾಗಿದ್ದ ನಮ್ಮಣ್ಣ ಗಿಟಾರು ನುಡಿಸುತ್ತಿದ್ದ, ಮಳವಳ್ಳಿಯ ಅವನ ಗೆಳೆಯ ಬೋಂಗೊ ಬಾರಿಸುತ್ತಿದ್ದ, ನಾನು ಹಾಡುತ್ತಿದ್ದೆ. ಪದ, ರಾಗ ಎಲ್ಲ ನಮ್ಮವೇ. ಸಿನಿಮಾ ಹಾಡು ಕೇಳುವ ಮದುವೆ ಮನೆಗಳಿಗೆ ಅವು ಹಿಡಿಸುತ್ತಿರಲಿಲ್ಲ. ಯಾವ ರೆಕಾರ್ಡು ಕಂಪನಿಯೂ ನಮ್ಮನ್ನು ಕರೆಯಲಿಲ್ಲ. "ನಾವೇ ರೆಕಾರ್ಡು ಮಾಡ್ಸಾನ" ಎಂದ ಅಣ್ಣ.

ಗೆಳೆಯ ಎಲ್ಲಿಂದಲೋ ಸ್ಪೂಲ್ ಟೇಪ್ ರೆಕಾರ್ಡರ್ ತಂದ. ನಡುಮನೆಯ ಕಿಟಕಿಗೆ ಗೋಣಿಚೀಲ, ಬಾಗಿಲಿಗೆ ಕಂಬಳಿ ಕಟ್ಟಿದೆವು. ಮೂರು ಭಾನುವಾರ, ರಾತ್ರಿ ಮುದ್ದೆ ಉಂಡು ಕೈ ತೊಳೆದಲ್ಲಿಂದ ಅವ್ವ ಹಾಲು ಕರೆಯಲು ಏಳುವ ತನಕ ಹಾಡಿದೆವು. ಆ ಹೊತ್ತಿಗೆ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಓಡುತ್ತಿದ್ದವು. ನಮ್ಮ ಬಲ್ಬಿನಲ್ಲಿ ಕೆಂಪು ಎಳೆಯಷ್ಟೇ ಕಾಣುತ್ತಿತ್ತು. ಟೇಪಿನ ಚಕ್ರವೂ ತೆವಳುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಅದೇ ಸೊರಗಿದ ಕರೆಂಟಿನಲ್ಲಿ ಹಾಕಿ ಕೇಳಿದೆವು. ಎಲ್ಲ ಸರಿಯಾಗಿಯೇ ಇತ್ತು.

ಟೇಪು ಬೆಂಗಳೂರಿಗೆ ಹೋಗಿ ಪೂರ್ತಿ ಕರೆಂಟಿನಲ್ಲಿ ಓಡಿ ರೆಕಾರ್ಡಾಯಿತು. ನಮ್ಮ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಅಣ್ಣ ಒಂದು ಪ್ರತಿ ಕಳಿಸಿಕೊಟ್ಟಿದ್ದ ಪತ್ರಿಕೆಯವರು ನಮಗಿಂತ ಮೊದಲೇ ಕೇಳಿ ಅಂಗೈಯಗಲದ ವಿಮರ್ಶೆ ಬರೆದರು. ಗಿಟಾರಿನ ಬೆರಳುಗಳ ವೇಗ ಸೋಜಿಗವಂತೆ. ಹಾಡಿದವಳದು ಮಾತ್ರ ಬೊಂಬೆಯ ಕೀಚಲು ಗಂಟಲಂತೆ. ಅವಳನ್ನು ಬಿಟ್ಟರೆ ತಂಡ ಉದ್ಧಾರವಾಗುತ್ತದಂತೆ.

ಮುಂದಿನ ವಾರ ಗೆಳೆಯ ಬ್ಯಾಟರಿಯಲ್ಲಿ ಓಡುವ ಪ್ಲೇಯರ್ ತಂದ. ಮೊದಲ ಸಾಲು ಕೇಳಿಸಿತು. ಅದು ನನ್ನ ದನಿಯೇ ಅಲ್ಲ.

"ಇದೇನ್ಲಾ, ಬಾಲ ತುಳಿದ ಇಲಿ ಕಿರುಚ್ದಂಗೈತೆ!" ಎಂದು ನಕ್ಕ ಗೆಳೆಯ ತಟ್ಟನೆ ನಿಲ್ಲಿಸಿದ. "ತಡಿ ತಡಿ. ನಿನ್ ಕೈಯೂ ಇಷ್ಟು ಜೋರಾಗಿ ಓಡಾಕಿಲ್ಲ ಕಣ್ಲಾ. ಕರೆಂಟು ಸಾಲ್ದೆ ಇಲ್ಲಿ ಟೇಪು ಕುಂಟೈತೆ, ಅಲ್ಲಿ ಓಡೈತೆ."

"ಪತ್ರಿಕೆಗೆ ಒಂದು ಕಾಗದ ಬರಿ ಅಣ್ಣ" ಎಂದೆ.

"ಬುಡು ಕಣೇ, ಯಾರು ನಂಬ್ತಾರೆ?"

ಯಾರು ನಂಬುತ್ತಾರೆ ಎಂಬುದಲ್ಲ ಅವನ ಚಿಂತೆ. ನನ್ನ ದನಿ ಸರಿಯಾದರೆ ಅವನ ಕೈಯ ವೇಗ ಸುಳ್ಳಾಗುತ್ತಿತ್ತು. ಫಾರಂನಲ್ಲಿ, ಬಸ್ಸಿನಲ್ಲಿ, ಕೇಳಿದವರಿಗೆಲ್ಲ ಅವನು ಹೇಳಿಕೊಂಡು ಬಂದದ್ದು ಒಂದೇ: ತಂಗಿ ಮೈಕು ನೋಡಿ ಹೆದರಿಬಿಟ್ಟಳು. ನಾನು ಅವನ ಅಂಗಿ ಒಗೆಯುತ್ತಿದ್ದೆ, ತಟ್ಟೆಗೆ ಸಾರು ಬಡಿಸುತ್ತಿದ್ದೆ, ಇದನ್ನು ನೆರೆಮನೆಯವರ ಬಾಯಲ್ಲಿ ಕೇಳುತ್ತಿದ್ದೆ.

ಒಂದು ಬೆಳಿಗ್ಗೆ ಮಂಡ್ಯದಿಂದ ಇಬ್ಬರು ಮೇಷ್ಟ್ರು ಬಂದರು, ಶಾಲೆಯ ಕಾರ್ಯಕ್ರಮಕ್ಕೆ ನಮ್ಮ ತಂಡವನ್ನು ಗೊತ್ತುಮಾಡಲು. ಗೆಳೆಯ ಬಿಟ್ಟುಹೋಗಿದ್ದ ಪ್ಲೇಯರಿನಲ್ಲಿ ಅಣ್ಣ ರೆಕಾರ್ಡು ಹಾಕಿದ. ನಾನು ಕಾಫಿ ಹಿಡಿದು ನಿಂತಿದ್ದೆ.

"ಗಿಟಾರ್ ಅದ್ಭುತ ಕಣ್ರೀ" ಎಂದರು ಹಿರಿಯ ಮೇಷ್ಟ್ರು. "ಹಾಡೋಕೆ ಮಾತ್ರ ಬೇರೆ ಯಾರನ್ನಾದ್ರೂ…"

"ಬೇರೆಯವ್ರನ್ನ ನೋಡಿದ್ದೀನಿ ಸಾರ್. ಇವಳು ಪಾಪ, ಹೆದ್ರಿಬುಟ್ಲು."

ನನ್ನೆದುರಿಗೇ! ಕಾಫಿ ತಟ್ಟೆಯನ್ನು ನೆಲಕ್ಕಿಟ್ಟೆ. ಹೋಗಿ ತಿರುಗುತ್ತಿದ್ದ ರೆಕಾರ್ಡಿನ ಅಂಚಿಗೆ ಬೆರಳು ಒತ್ತಿದೆ. ಮೊದಲು ಗೊಗ್ಗರು ದನಿ ಬಂತು. ಒತ್ತು ಸ್ವಲ್ಪ ಸಡಿಲಿಸಿದೆ. ಆಗ ಬಂತು ನನ್ನ ದನಿ, ನಾನು ಹಾಡಿದ ಹಾಗೇ. ಅದರ ಹಿಂದೆ ಅಣ್ಣನ ಗಿಟಾರು ತಂತಿ ತಂತಿ ಹುಡುಕಿಕೊಂಡು ನಡೆಯಿತು.

"ಕೈ ತೆಗಿಯೇ, ರೆಕಾರ್ಡು ಹಾಳಾಯ್ತದೆ!"

"ನಿಜ ಹೇಳು, ತೆಗೀತೀನಿ."

ಹಾಡು ಮುಗಿಯುವ ತನಕ ನಾನು ಬೆರಳು ತೆಗೆಯಲಿಲ್ಲ. ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದ ಅವ್ವ, "ಅದು ನಮ್ಮ ಮಗೀನ ದನಿ ಕಣಪ್ಪ" ಎಂದು ಮೇಷ್ಟ್ರಿಗೆ ಹೇಳಿದಳು.

ಹಿರಿಯ ಮೇಷ್ಟ್ರು ಅಣ್ಣನನ್ನೂ ನನ್ನನ್ನೂ ನೋಡಿದರು. "ಹಾಡೋರು ಇವರೇ ಇರ್ಲಿ ಬಿಡಿ."

"ಅಂಗಾದ್ರೆ ನಾನ್ ಬರಾಕಿಲ್ಲ" ಎಂದು ಅಣ್ಣ ಎದ್ದು ಹೋದ.

ಬರಲೂ ಇಲ್ಲ. ಮಂಡ್ಯದಲ್ಲಿ ಗೆಳೆಯನ ಬೋಂಗೊ ಒಂದನ್ನೇ ನೆಚ್ಚಿಕೊಂಡು ಹಾಡಿದೆ. ಆ ಸಿಟ್ಟಿನಲ್ಲಿ ಎರಡು ಹಾಡು ಹೆಚ್ಚೇ ಹಾಡಿದೆ.