ಹಾಡು ಬರದ ಕಿವಿಮುಚ್ಚಳ

ನಿನ್ನೆ ಸಂಜೆ ನಿಮ್ಮಲ್ಲೊಬ್ಬಳು, ಯಾರು ಅಂತ ಹೇಳುವುದಿಲ್ಲ, ಅವಳಿಗೇ ಗೊತ್ತಿದೆ, ನಡುಮನೆಯ ಗೂಟದಲ್ಲಿದ್ದ ಪವಿತ್ರತ್ತೆಯ ಹಳದಿ ಕಿವಿಮುಚ್ಚಳವನ್ನು ತೆಗೆದು ತಲೆಗೆ ಸಿಕ್ಕಿಸಿಕೊಂಡಳು. ಕುಣಿಯಲು ಒಂದು ಕಾಲು ಮುಂದಿಟ್ಟು ಕಾದಳು. ಆಮೇಲೆ ಮುಖ ಸಿಂಡರಿಸಿಕೊಂಡು ಒಲೆಯ ಹತ್ತಿರ ಬಂದು, "ಅಜ್ಜಿ, ಇದು ಕೆಟ್ಟೋಗದೆ. ಹಾಡೇ ಬರಲ್ಲ" ಅಂದಳು.

ಕೆಟ್ಟಿಲ್ಲ, ಅದರಲ್ಲಿ ಹಾಡು ಬರುವುದೇ ಇಲ್ಲ ಅಂದೆ. ಹಾಗಾದರೆ ಅತ್ತೆ ಯಾಕೆ ಹಾಕಿಕೊಳ್ಳುತ್ತಾರೆ ಅಂತ ಕೇಳಿದಳು. ಸಾರು ಉಕ್ಕುತ್ತಿತ್ತು, ನಾನು ಉತ್ತರ ಕೊಡಲಿಲ್ಲ. ಸಾರು ಉಕ್ಕದಿದ್ದರೂ ಕೊಡುತ್ತಿರಲಿಲ್ಲ ಬಿಡಿ. ನನಗೆ ಯಾವುದನ್ನೂ ಬಾಯಲ್ಲಿ ಹೇಳಲು ಬರುವುದಿಲ್ಲ. ಅವಳು ಅದನ್ನು ನನ್ನ ಕೈಗೆ ಕೊಟ್ಟು ಓಡಿದಳು. ಅದಕ್ಕೆ ಒದ್ದೆ ತೆಂಗಿನ ನಾರಿನ ವಾಸನೆ ಅಂಟಿಕೊಂಡಿತ್ತು. ಆ ವಾಸನೆ ಬಂದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ, ನಿಮ್ಮ ಸ್ನೇಹಿತರಿಗೆ ಮಾತ್ರ ತೋರಿಸಬೇಡಿ.

ನಿಮ್ಮ ಅತ್ತೆಯ ವಿಷಯ ಹೇಳುವ ಮುಂಚೆ ನನ್ನದು ಸ್ವಲ್ಪ ಹೇಳಬೇಕು. ನನ್ನ ತವರು ಚುಂಚನಕಟ್ಟೆ ಕಡೆ. ನಿಮ್ಮ ತಾತನ ಕಡೆಯವರು ಹೆಣ್ಣು ನೋಡಲು ಬಂದಾಗ ನಾನು ಭತ್ತ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅವಿತುಕೊಂಡಿದ್ದೆ. ದೊಡ್ಡಮ್ಮ ಕೈ ಹಿಡಿದು ಎಳೆದುಕೊಂಡು ಬಂದು ಚಾಪೆಯ ಮೇಲೆ ಕೂರಿಸಿದರು. ತಲೆ ಎತ್ತಬೇಡ, ಕೇಳಿದರೆ ಮಾತ್ರ ಮಾತಾಡು, ಅದೂ ಒಂದೇ ಮಾತಲ್ಲಿ ಅಂತ ಹೇಳಿಕೊಟ್ಟಿದ್ದರು. ಆ ಹೇಳಿಕೆ ನನಗೆ ಬೇಕೇ ಇರಲಿಲ್ಲ, ತಲೆ ಎತ್ತು ಅಂದಿದ್ದರೇ ಕಷ್ಟವಾಗುತ್ತಿತ್ತು. ಹುಡುಗಿ ಬಹಳ ನಯ ಅಂತ ಎಲ್ಲರೂ ಹೊಗಳಿದರು. ನಿಮ್ಮ ತಾತನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಮದುವೆಯಾಗಿ ಎಷ್ಟೋ ದಿನಗಳಾದ ಮೇಲೆ, ಅದೂ ಅವರು ನಿದ್ದೆ ಮಾಡುತ್ತಿದ್ದಾಗ.

ನನ್ನ ಜೀವನದಲ್ಲಿ ನಾನು ಕಂಡ ಸಂದರ್ಶನ ಅದೊಂದೇ. ಹಾಗಾಗಿ ನನ್ನ ಮಗಳು ಪವಿತ್ರ ಹುಣಸೂರಿನಲ್ಲಿ ಬಿ.ಕಾಂ. ಮುಗಿಸಿ, ಕೆ.ಆರ್. ನಗರದ ಒಂದು ಖಾಸಗಿ ಆಫೀಸಿನಿಂದ ಸಂದರ್ಶನಕ್ಕೆ ಬಾ ಅಂತ ಫೋನು ಬಂದಾಗ, ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಅವಳಿಗೆ ಧಾರೆ ಎರೆದೆ. ಅಂಚಿನ ಸೀರೆ ಉಡಿಸಿದೆ. ಮಲ್ಲಿಗೆ ಮುಡಿಸಿದೆ. ತಲೆ ಎತ್ತಬೇಡ, ಕೇಳಿದರೆ ಮಾತ್ರ ಮಾತಾಡು ಅಂದೆ. ಪವಿತ್ರ ಚಿಕ್ಕಂದಿನಿಂದಲೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಹಾಲು ಉಕ್ಕುವವರೆಗೂ ನೋಡುತ್ತಿರು ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುತ್ತಲೇ ನಿಂತಿರುತ್ತಿದ್ದಳು. ಹಾಗಂತ ಗೊತ್ತಿದ್ದೂ ನಾನು ಹಾಗೆ ಹೇಳಿಕೊಟ್ಟೆ ನೋಡಿ. ಸಾಲದ್ದಕ್ಕೆ ನಾನೂ ಜೊತೆಗೆ ಹೋದೆ, ಚೀಲದಲ್ಲಿ ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು. ಬರಿಗೈಲಿ ಹೋಗಿ ಕೆಲಸ ಕೇಳುವುದು ಹೇಗೆ?

ಒಳಗೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಮುಖ ಎತ್ತಮ್ಮ ಅಂದರಂತೆ. "ಅವ್ವ ಎತ್ಬೇಡ ಅಂದವ್ಳೆ" ಅಂದಳಂತೆ. ನಿಮ್ಮ ಬಗ್ಗೆ ಹೇಳಿ ಅಂದರಂತೆ. ನನ್ನ ಬಗ್ಗೆ ಬಹಳ ಇದೆ, ಯಾವುದು ಬೇಕು ಅಂತ ಇವಳು ಕೇಳಿದಳಂತೆ. ಅವರು ನಕ್ಕರು. ನಕ್ಕದ್ದು ಯಾಕೆ ಅಂತ ಅವಳಿಗೆ ತಿಳಿಯಲಿಲ್ಲ, ಕೇಳಿದರೆ ಇನ್ನೂ ನಕ್ಕರು. ಮಲ್ಲಿಗೆಯ ವಾಸನೆಗೆ ತಲೆ ಸಿಡಿಯುತ್ತಿತ್ತು, ಸೀರೆಯ ಅಂಚು ಕಾಲಿಗೆ ಮುಳ್ಳಿನ ಹಾಗೆ ಕೀರುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಚೀಲ ನೋಡಿ ಅಟೆಂಡರ್ ಅಂದ, "ಏನಕ್ಕ, ಹೆಣ್ಣು ಒಪ್ಪಿಗೆ ಆಯ್ತಂತಾ?"

ಬಸ್ಸಿನಲ್ಲಿ ಬರುವಾಗ ಇಬ್ಬರೂ ಆ ಬಾಳೆಹಣ್ಣು ತಿಂದೆವು. ಪವಿತ್ರ ಮಲ್ಲಿಗೆಯನ್ನು ಬಿಚ್ಚಿ ಕಿಟಕಿಯಿಂದ ಬಿಸಾಕಿದಳು. ನಾನು ಬೈಯಲಿಲ್ಲ.

ಆಮೇಲೆ ಹುಣಸೂರಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ನಿಮ್ಮಪ್ಪ ಯಾರಿಗೋ ಹೇಳಿಸಿ ಸೇರಿಸಿದ್ದು. ಸೀರೆ ಅಂಗಡಿ ಹೇಗೆ ಅಂತ ನಿಮಗೆ ಗೊತ್ತಲ್ಲ, ಬಂದವರ ಮುಂದೆ ರಾಶಿ ಹಾಕಬೇಕು, ಅವರು ಒಂದನ್ನು ಎಳೆದು ಇನ್ನೊಂದನ್ನು ತಳ್ಳಿ ಮೂರನೆಯದನ್ನು ಕೇಳಬೇಕು. ಪವಿತ್ರಗೆ ಬಿಚ್ಚಿಟ್ಟ ಸೀರೆ ಕಂಡರೆ ಸಂಕಟ. ಗಿರಾಕಿ ಒಂದು ತುದಿ ಹಿಡಿದಿದ್ದರೂ ಇವಳು ಇನ್ನೊಂದು ತುದಿಯಿಂದ ಮಡಿಸುತ್ತಾ ಬರುತ್ತಿದ್ದಳು. ನನಗೆ ಒಪ್ಪುತ್ತಾ ಅಂತ ಯಾರಾದರೂ ಕೇಳಿದರೆ ಒಪ್ಪಲ್ಲ ಅನ್ನುತ್ತಿದ್ದಳು. ಒಪ್ಪದಿದ್ದರೆ ತಾನೇ ಅನ್ನುತ್ತಿದ್ದದ್ದು. ಮದುವೆ ಕಾಲ ಬಂತು, ಬಾಗಿಲಲ್ಲಿ ದೊಡ್ಡ ಸ್ಪೀಕರ್ ಇಟ್ಟರು. ಒಂದು ದಿನ ಮಾಲೀಕರು ಹುಡುಕುತ್ತಾ ಹೋದರೆ ಇವಳು ಗೋದಾಮಿನಲ್ಲಿ ಬಟ್ಟೆಯ ಗಂಟುಗಳ ನಡುವೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಸೋಮಾರಿ, ಬಾಯಿ ಜೋರು, ನಾಳೆಯಿಂದ ಬರುವುದು ಬೇಡ ಅಂದರು.

ಆ ಸಲ ಅವಳು ಮನೆಗೆ ಬಂದವಳು ಮಾತೇ ಬಿಟ್ಟಳು. ಗೋಡೆಯ ಕಡೆ ತಿರುಗಿ ಮಲಗಿರುವಳು. ಅಕ್ಕಪಕ್ಕದವರು ಗಾಳಿ ಸೋಕಿದೆ ಅಂದರು. ನಾನು ತಾಯತ ಕಟ್ಟಿಸಿದೆ, ಅದರ ದಾರ ಚುಚ್ಚುತ್ತದೆ ಅಂತ ಕಿತ್ತಿಟ್ಟಳು. ಕೊನೆಗೆ ನಿಮ್ಮಪ್ಪ ತಾನು ಮರ ಕೊಯ್ಯುವ ಸಾಮಿಲ್ಲಿಗೆ ರಜೆ ಹಾಕಿ ನಮ್ಮಿಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋದ.

ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಪವಿತ್ರ ಹತ್ತಿರ ಬಹಳ ಹೊತ್ತು ಮಾತಾಡಿದರು, ಮತ್ತೆ ಮತ್ತೆ ಕರೆಸಿದರು. ನನ್ನನ್ನೂ ಕೇಳಿದರು, ಮಗುವಾಗಿದ್ದಾಗ ಹೇಗಿದ್ದಳು, ಯಾವ ಆಟ ಆಡುತ್ತಿದ್ದಳು. ನಾನು ನೆಲದ ಟೈಲ್ಸ್ ನೋಡಿಕೊಂಡು, ಸೆರಗಿನ ತುದಿ ಸುತ್ತಿಕೊಂಡು ಹೇಳಿದೆ. ಕೊನೆಯಲ್ಲಿ ಅವರು, ಇದಕ್ಕೆ ಆಟಿಸಂ ಅಂತಾರೆ, ಕಾಯಿಲೆ ಅಲ್ಲ, ಹುಟ್ಟಿನಿಂದಲೇ ಅವರ ಮನಸ್ಸು ಕೆಲಸ ಮಾಡುವ ರೀತಿ ಬೇರೆ ಅಂದರು. ಶಬ್ದ, ಬೆಳಕು, ವಾಸನೆ ನಮಗಿಂತ ಹೆಚ್ಚು ತಟ್ಟುತ್ತದಂತೆ. ಸುತ್ತಿ ಬಳಸಿ ಹೇಳಿದ್ದು ತಿಳಿಯುವುದಿಲ್ಲ, ನೇರವಾಗಿ ಹೇಳಿದರೆ ಚೆನ್ನಾಗಿ ತಿಳಿಯುತ್ತದೆ. ಹೊರಡುವಾಗ ನನ್ನನ್ನು ನೋಡಿ ನಕ್ಕು, "ನೀವೂ ಒಂದ್ಸಲನೂ ನನ್ನ ಮುಖ ನೋಡ್ಲಿಲ್ಲ ಕಣಮ್ಮ" ಅಂದರು. ಆಗಲೂ ನಾನು ನೋಡಲಿಲ್ಲ.

ವಾಪಸ್ಸು ಬರುವಾಗ ಬಿಳಿಕೆರೆ ದಾಟಿದೆವು. ನನಗೆ ಊರಿನವರಿಗೆ ಏನು ಹೇಳುವುದು ಅನ್ನುವುದೇ ಚಿಂತೆ. ಪವಿತ್ರ ಕಿಟಕಿಯ ಕಡೆ ನೋಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ, "ಅಂಗಾದ್ರೆ ನಾನು ಸೋಮಾರಿ ಅಲ್ಲ" ಅಂದಳು. ಅವಳ ಭುಜ ಕೆಳಗಿಳಿದದ್ದನ್ನು ನಾನು ನೋಡಿದೆ. ಎಷ್ಟು ವರ್ಷದಿಂದ ಎತ್ತಿ ಹಿಡಿದಿದ್ದಳೋ.

ನಿಮ್ಮಪ್ಪನೇ ಆ ಕಿವಿಮುಚ್ಚಳ ತಂದದ್ದು. ಸಾಮಿಲ್ಲಿನಲ್ಲಿ ಗರಗಸದ ಹತ್ತಿರ ನಿಲ್ಲುವವರು ಹಾಕಿಕೊಳ್ಳುವುದು. ಅದಕ್ಕೇ ಅದರಲ್ಲಿ ಹಾಡು ಬರುವುದಿಲ್ಲ, ಹೊರಗಿನ ಗದ್ದಲವನ್ನು ಒಳಗೆ ಬಿಡದಿರುವುದೇ ಅದರ ಕೆಲಸ. ಅದನ್ನು ಹಾಕಿಕೊಂಡು ಪವಿತ್ರ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಲು ಕಲಿತಳು. ನಾನು ಮಾತ್ರ ನೆಂಟರು ಬಂದರೆ ಅದನ್ನು ಗೂಟದಿಂದ ತೆಗೆದು ಕಂಬಳಿಯ ಕೆಳಗೆ ತುರುಕುತ್ತಿದ್ದೆ.

ಹ್ಯಾಂಡ್‌ಪೋಸ್ಟ್ ಊರ ಹತ್ತಿರದ ಸಸಿ ನರ್ಸರಿಯಲ್ಲಿ ಜನ ಬೇಕಂತೆ ಅಂತ ಸುದ್ದಿ ಬಂತು. ಡಿಗ್ರಿ ಓದಿದವಳು ಸಸಿ ಕೆಲಸಕ್ಕೆ ಹೋಗುವುದಾ ಅಂತ ನನಗೆ ಅನ್ನಿಸಿತು, ಪವಿತ್ರಗೆ ಅನ್ನಿಸಲಿಲ್ಲ. ಹಸಿರು ಪರದೆಯ ಕೆಳಗೆ ಬೆಳಕು ಮೆತ್ತಗಿರುತ್ತದೆ, ನಾನು ನೋಡಿದ್ದೇನೆ ಅಂದಳು. ಈ ಸಲ ನಾನು ಒಂದೇ ಒಂದು ಬುದ್ಧಿ ಹೇಳಿದೆ, ಆ ಆಟಿಸಂ ಅನ್ನುವ ಮಾತು ಅಲ್ಲಿ ಎತ್ತಬೇಡ. ಹೇಳದೆ ಸೇರಿಕೊಂಡರೆ ಆಮೇಲೆ ಅವರು ಬೈದಾಗ ತಪ್ಪು ಯಾರದು ಅಂತ ಅವಳು ಕೇಳಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೊರಟೆ.

ನರ್ಸರಿಯ ಒಡತಿ ಸಾಕಮ್ಮ, ನನ್ನ ವಯಸ್ಸಿನವರೇ. ಪವಿತ್ರ ನೇರ ಹೋಗಿ ನಿಂತು, ತನಗೆ ಆಟಿಸಂ ಇದೆ, ಗದ್ದಲವಾದರೆ ತಲೆ ಕೆಡುತ್ತದೆ, ಕೆಲಸ ಒಂದೊಂದಾಗಿ ಹೇಳಬೇಕು, ಮುಖ ನೋಡದೆ ಮಾತಾಡಿದರೆ ಕೋಪ ಮಾಡಿಕೊಳ್ಳಬಾರದು ಅಂತ ಒಂದೇ ಉಸಿರಿಗೆ ಹೇಳಿದಳು. ನಾನು ಗೇಟಿನ ಹತ್ತಿರ ನಾಚಿಕೆಗೆ ಕುಗ್ಗಿಹೋದೆ.

"ಅದು ಅಂಟ್ತದಾ?" ಅಂದರು ಸಾಕಮ್ಮ.

"ಇಲ್ಲ."

"ಸರಿ ಬುಡು. ನಮ್ ಸಸಿಗೇನು ಮುಖ ನೋಡ್ಕೊಂಡು ಮಾತಾಡೋರು ಬೇಕಾಗಿಲ್ಲ. ಕೈ ತೊಳ್ಕಂಡು ಬಾ."

ಅಷ್ಟೇ ಸಂದರ್ಶನ. ಅವತ್ತೇ ಟ್ರೇಗಳಿಗೆ ತೆಂಗಿನ ನಾರಿನ ಪುಡಿ ತುಂಬಲು ಕೂತಳು. ಸಂಜೆ ಮನೆಗೆ ಬಂದಾಗ ಮೈಯೆಲ್ಲ ಆ ವಾಸನೆ, ಬಾಯಲ್ಲಿ ಏನೋ ಗುನುಗು. ಮೆಣಸಿನ ಸಸಿ, ಟೊಮೆಟೊ ಸಸಿ, ಹೂಕೋಸಿನ ಸಸಿ ಅಂತ ನನಗೆ ಬೇಡವೆಂದರೂ ಹೇಳುತ್ತಿದ್ದಳು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಕೆಲಸ ಕೊಡುವವರು ಒಬ್ಬರಾದರೆ, ಜೊತೆಗೆ ಕೆಲಸ ಮಾಡುವವರು ಹತ್ತು ಜನ. ನರ್ಸರಿಯ ಹೆಂಗಸರು ಮಧ್ಯಾಹ್ನ ಹೊಂಗೆ ಮರದ ಕೆಳಗೆ ಸುತ್ತ ಕೂತು ಬುತ್ತಿ ಬಿಚ್ಚುತ್ತಾರೆ. ಒಬ್ಬರ ಸಾರು ಇನ್ನೊಬ್ಬರ ಮುದ್ದೆಗೆ ಹೋಗಬೇಕು, ನಮ್ಮ ಕಡೆ ಕೂಲಿಯಲ್ಲಿ ಅದು ಪದ್ಧತಿ. ಪವಿತ್ರ ಮಾತ್ರ ತನ್ನ ಡಬ್ಬಿ ಎತ್ತಿಕೊಂಡು ನೀರಿನ ತೊಟ್ಟಿಯ ಹಿಂದೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಯಾರಾದರೂ ಸಾರು ಕೊಡಲು ಬಂದರೆ ಬೇಡ ಅನ್ನುತ್ತಿದ್ದಳು, ಅದೂ ಅವಳ ರೀತಿಯಲ್ಲಿ, ಮುಖ ನೋಡದೆ. ನಮ್ಮ ಕಡೆ ಒಬ್ಬರ ಕೈಯ ಸಾರು ಬೇಡ ಅಂದರೆ ಅದಕ್ಕೆ ಅರ್ಥ ಒಂದೇ. ನಮ್ಮ ಜಾತಿ ನೋಡುತ್ತಾಳೆ ಅಂತ ಅವರಿಗೆ ಅನ್ನಿಸಿತು. ನಮ್ಮ ನೆರಳು ಆಗದವಳ ಜೊತೆ ನಾವು ಯಾಕೆ ಕೆಲಸ ಮಾಡಬೇಕು ಅಂತ ಸಾಕಮ್ಮನನ್ನು ಕೇಳಿದರಂತೆ. ಅವರು ಕೇಳಿದ್ದರಲ್ಲಿ ಏನು ತಪ್ಪು ಹೇಳಿ, ಅವರು ಜೀವನವೆಲ್ಲ ಕಂಡದ್ದು ಅಂಥದ್ದನ್ನೇ ತಾನೆ. ಸಾಕಮ್ಮ ನಿಮ್ಮಪ್ಪನಿಗೆ ಫೋನು ಮಾಡಿ, ಹುಡುಗಿ ಕೆಲಸ ಚೆನ್ನಾಗಿದೆ, ಆದರೆ ಎಲ್ಲರೂ ಎದ್ದು ಹೋದರೆ ನರ್ಸರಿ ನಡೆಯುವುದಿಲ್ಲ, ಇನ್ನೊಂದೆರಡು ದಿನ ನೋಡುತ್ತೇನೆ ಅಂದರು.

ಪವಿತ್ರ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಆ ಬೆನ್ನು ನೋಡಿ ನನಗೆ ಸಹಿಸಲು ಆಗಲಿಲ್ಲ. ಮಾರನೆಯ ದಿನ ನಾನೂ ಅವಳ ಜೊತೆ ಬಸ್ಸು ಹತ್ತಿದೆ.

ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ. ಹೊಂಗೆ ಮರದ ಕೆಳಗೆ ಅವರು ಸುತ್ತ ಕೂತು ನನ್ನ ಕಡೆ ತಿರುಗಿದ ಕೂಡಲೇ ಎಲ್ಲ ಮರೆತುಹೋಯಿತು. ಮದುವೆ ಮನೆಯಲ್ಲೂ ಪಂಕ್ತಿಯಲ್ಲಿ ಕೂರಲು ನಾಚುವ ಹೆಂಗಸು ನಾನು. ಬೇರೇನೂ ತೋಚದೆ ಅವರ ನಡುವೆ ಕೂತು, ಡಬ್ಬಿಯಿಂದ ಮುದ್ದೆ ತೆಗೆದು ತಟ್ಟೆಗೆ ಹಾಕಿ, ತಟ್ಟೆಯನ್ನು ಪಕ್ಕದವಳ ಕಡೆ ಚಾಚಿದೆ. ಅವಳು, ದೇವೀರಿ ಅಂತ ಹೆಸರು, ನನ್ನನ್ನೂ ತಟ್ಟೆಯನ್ನೂ ನೋಡಿದಳು. ಆಮೇಲೆ ಒಣ ಸೀಗಡಿಯ ಗೊಜ್ಜು ಹಾಕಿದಳು. ತಿಂದೆ. ಮುಂದಿನವಳ ಕಡೆ ಚಾಚಿದೆ, ಹುರುಳಿಕಾಳಿನ ಬಸ್ಸಾರು. ಹಾಗೆ ಸುತ್ತ ಎಲ್ಲರ ಕೈಯ ಸಾರನ್ನೂ ಹಾಕಿಸಿಕೊಂಡು ಉಂಡೆ. ಹೊಟ್ಟೆ ಬಿರಿಯುತ್ತಿತ್ತು, ನಿಲ್ಲಿಸಿದರೆ ಮಾತಾಡಬೇಕಲ್ಲ ಅಂತ ಭಯ.

"ಅಮ್ಮ ಉಣ್ತಾಳೆ, ಮಗಳಿಗೇನಂತೆ ದಿಮಾಕು?" ಅಂದಳು ದೇವೀರಿ.

ನಾನು ಬಾಯಲ್ಲಿದ್ದ ತುತ್ತು ನುಂಗುವುದರೊಳಗೆ ತೊಟ್ಟಿಯ ಹಿಂದಿನಿಂದ ಪವಿತ್ರ ಬಂದಳು. ಕಿವಿಮುಚ್ಚಳ ಕುತ್ತಿಗೆಗೆ ಇಳಿಸಿಕೊಂಡಿದ್ದಳು. ಮರದ ಬುಡ ನೋಡುತ್ತಾ ಹೇಳಿದಳು, "ನಿಮ್ ಸಾರು ಬ್ಯಾಡ ಅಂತಲ್ಲ ಕಣಕ್ಕ. ಎಲ್ರೂ ಒಟ್ಗೆ ಮಾತಾಡ್ತಾ ಉಂಡ್ರೆ ನಂಗೆ ತುತ್ತು ಇಳಿಯಲ್ಲ. ಮನೇಲೂ ಅಷ್ಟೇ. ಒಂಚೂರು ತಟ್ಟೇಗ್ ಹಾಕ್ಕೊಡಿ, ಅಲ್ ಕೂತ್ಕಂಡು ತಿಂತೀನಿ."

ದೇವೀರಿ ಎದ್ದು ತನ್ನ ಡಬ್ಬಿಯ ಮುಚ್ಚಳಕ್ಕೆ ಗೊಜ್ಜು ಸುರಿದು, "ತಗಳವ್ವ ಮಾರಾಣಿ, ಅರಮನೇಲ್ ಹೋಗಿ ಉಣ್ಣು" ಅಂದಳು. ಎಲ್ಲರೂ ನಕ್ಕರು. ಪವಿತ್ರ ಹೋಗಿ ತೊಟ್ಟಿಯ ಹಿಂದೆ ಕೂತು, ಮುಚ್ಚಳವನ್ನು ನೆಕ್ಕಿ ತಂದುಕೊಟ್ಟು, "ಉಪ್ಪು ಜಾಸ್ತಿ ಆಗದೆ, ಆದ್ರೆ ಚೆನ್ನಾಗದೆ" ಅಂದಳು. ಕೆಲಸ ಹೋಯಿತು ಅಂದುಕೊಂಡೆ. ದೇವೀರಿ ಮಾತ್ರ ಬೆರಳಲ್ಲಿ ತನ್ನ ಗೊಜ್ಜು ನೆಕ್ಕಿ ನೋಡಿ, "ಊಂ ಕಣ್ರೇ, ಜಾಸ್ತಿನೇ ಆಗದೆ" ಅಂದಳು. ಅಲ್ಲಿಂದ ಇಲ್ಲಿಯವರೆಗೆ ಪವಿತ್ರಳ ಪಾಲು ತೊಟ್ಟಿಯ ಹಿಂದಕ್ಕೇ ಹೋಗುತ್ತದೆ. ಒಂದು ದಿನ ತಪ್ಪಿದರೆ ಇವಳೇ ಹೋಗಿ ಕೇಳುತ್ತಾಳಂತೆ.

ಅವತ್ತು ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಾಗ ನನಗೊಂದು ವಿಷಯ ಹೊಳೆಯಿತು. ನಾನೂ ಜೀವನವೆಲ್ಲ ಒಬ್ಬಳೇ ಉಂಡವಳು. ಎಲ್ಲರೂ ಎದ್ದು ಹೋದ ಮೇಲೆ ಅಡುಗೆಮನೆಯ ಮೂಲೆಯಲ್ಲಿ, ಬಾಗಿಲು ಅರೆ ಮುಚ್ಚಿಕೊಂಡು, ಅದೇ ನನಗೆ ದಿನದ ಸುಖ. ಮನೆ ಹೆಂಗಸು ಕೊನೆಯಲ್ಲಿ ಉಣ್ಣಬೇಕು ಅನ್ನುವುದು ಆಗಿನ ಪದ್ಧತಿಯಾದ್ದರಿಂದ ಯಾರೂ ನನ್ನನ್ನು ದಿಮಾಕಿನವಳು ಅನ್ನಲಿಲ್ಲ, ಒಳ್ಳೆಯ ಸೊಸೆ ಅಂದರು. ನನ್ನ ಮಗಳು ಕೆಲಸಕ್ಕೆ ಹೋದಳು, ಅಲ್ಲಿ ಅವಿತುಕೊಳ್ಳಲು ಅಡುಗೆಮನೆ ಇರಲಿಲ್ಲ. ಡಾಕ್ಟರಮ್ಮ ನಕ್ಕದ್ದು ಯಾಕೆ ಅಂತ ಆಗ ಸ್ವಲ್ಪ ತಿಳಿಯಿತು. ನನ್ನದಕ್ಕೂ ಅದೇ ಹೆಸರೋ ಬೇರೆಯೋ ನನಗೆ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಹೆಸರು ಇಟ್ಟುಕೊಂಡು ಏನು ಮಾಡಲಿ? ಆದರೆ ನನ್ನ ಭುಜವೂ ಸ್ವಲ್ಪ ಇಳಿಯಿತು.

ಇವತ್ತು ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕುವ ಮುಂಚೆ, ಯಾರೂ ನೋಡುತ್ತಿಲ್ಲ ಅಂತ ಖಚಿತ ಮಾಡಿಕೊಂಡು, ಕಿವಿಮುಚ್ಚಳವನ್ನು ಹಾಕಿಕೊಂಡೆ. ಮಿಕ್ಸಿ ತಿರುಗಿತು, ಸದ್ದು ಎಲ್ಲೋ ಪಕ್ಕದೂರಿನ ಗಿರಣಿಯ ಹಾಗೆ ದೂರ ಹೋಯಿತು. ನನ್ನ ಉಸಿರು ನನಗೇ ಕೇಳಿಸಿತು. ಹೀಗೂ ಇರಬಹುದಾ ಅಂತ ನಿಂತುಬಿಟ್ಟೆ. ತಿರುಗಿದರೆ ಪವಿತ್ರ, ಡಬ್ಬಿ ಹಿಡಿದು, ಕೈ ಚಾಚಿಕೊಂಡು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ.

ತೆಗೆದುಕೊಟ್ಟೆ. "ಚೆನ್ನಾಗದೆ ಅಲ್ವಾ?" ಅಂದಳು. ಚೆನ್ನಾಗಿದೆ ಅಂದೆ.

"ನಿಂಗೂ ಒಂದು ತರ್ಸಿಕೊಡ್ಲಾ?"

ಮೊದಲಾಗಿದ್ದರೆ ಅಯ್ಯೋ ಜನ ಏನಂತಾರೆ ಅನ್ನುತ್ತಿದ್ದೆ. ತರಿಸಿಕೊಡು, ಹಳದಿ ಬೇಡ, ಬೇರೆ ಬಣ್ಣ ಇದ್ದರೆ ನೋಡು ಅಂದೆ. ಅವಳು ಹಾಕಿಕೊಂಡು ಬಸ್ಸಿಗೆ ನಡೆದಳು.

ಮುಂದಿನ ವಾರ ಪಿರಿಯಾಪಟ್ಟಣದಿಂದ ನನ್ನ ನಾದಿನಿ ಬರುತ್ತಾಳೆ. ಕಂಬಳಿಯ ಕೆಳಗೆ ಏನೂ ತುರುಕುವುದಿಲ್ಲ. ಇದೇನು ಅಂತ ಕೇಳಿದರೆ ನಾನೇ ಹೇಳುತ್ತೇನೆ, ಬಾಯಿಗೆ ಮಾತು ಬರದಿದ್ದರೆ ಈ ಕಾಗದ ಕೊಡಿ. ಇನ್ನೊಂದು ಮಾತು, ಸಂಜೆ ನಿಮ್ಮಪ್ಪ ಬಂದ ಕೂಡಲೇ ನಡುಮನೆಯಲ್ಲಿ ಅದರ ಪಕ್ಕಕ್ಕೆ ಇನ್ನೊಂದು ಗೂಟ ಹೊಡೆಯಲು ಹೇಳಿ. ನನ್ನ ಕೈಗೆ ಎಟುಕುವ ಹಾಗೆ.