ಕೆರೆಗೆ ಹೋದ ಲಗ್ನಪತ್ರಿಕೆ

ಮೇಲೆ ‘ಶ್ರೀ’ ಎಂದು ಬರೆದ ಕಾಗದವನ್ನು ಕಮಲಾದೇವಿ ಜನ್ಮದಲ್ಲಿ ಕಸಕ್ಕೆ ಹಾಕಿದವರಲ್ಲ. ಹಳೆಯ ಪಂಚಾಂಗ, ಅರಿಸಿನ ಹಚ್ಚಿದ ಲಗ್ನಪತ್ರಿಕೆ, ದೇವರ ಚಿತ್ರದ ಕ್ಯಾಲೆಂಡರ್ ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ತುಂಬಿಡುತ್ತಿದ್ದರು. ಅರವತ್ತಮೂರನೆಯ ಇಸವಿಯಲ್ಲಿ ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಜಯನಗರದ ಸ್ವಂತ ಮನೆಗೆ ಬರುವಾಗ ಆ ಚೀಲವನ್ನು ಯಡಿಯೂರು ಕೆರೆಯಲ್ಲಿ ಕೈಮುಗಿದು ಮುಳುಗಿಸಿದರು. ಸಾಮಾನು ಕಡಿಮೆಯಾಯಿತೆಂದು ಸಂತೋಷವೂ ಪಟ್ಟರು.

ಮರುವರ್ಷ ಮದರಾಸಿನ ಬ್ರಿಟಿಷ್ ಕಚೇರಿಯಿಂದ ಕಾಗದ ಬಂತು. ಮಗಳು ವಾರಿಜಾಳ ಗಂಡ ಜಯಸಿಂಹ ಇಂಗ್ಲೆಂಡಿನ ಕಾರ್ಖಾನೆಯೊಂದಕ್ಕೆ ಸೇರಿ ಎರಡು ವರ್ಷವಾಗಿತ್ತು. ಹೆಂಡತಿಯಾಗಿ ಅಲ್ಲಿಗೆ ಹೋಗಲು ಅವಳು ಅರ್ಜಿ ಹಾಕಿದ್ದಳು. ಮದುವೆಯ ಕಾಲದ್ದೇ ಒಂದು ಲಿಖಿತ ಪುರಾವೆ ಬೇಕು, ಬರುವ ಸೋಮವಾರ ಮೂಲಪ್ರತಿ ತರಬೇಕು ಎಂದಿತ್ತು ಆ ಕಾಗದ. ಮದುವೆ ರಿಜಿಸ್ಟರ್ ಮಾಡಿಸುವುದು ಅವರ ಬಳಗದಲ್ಲಿ ಯಾರಿಗೂ ತೋಚಿದ ಸಂಗತಿಯಲ್ಲ. ಫೋಟೋದಲ್ಲಿ ತಾರೀಕಿರಲಿಲ್ಲ. ಗಂಡಿನ ಕಡೆಯವರು ಪತ್ರಿಕೆ ಅಚ್ಚು ಹಾಕಿಸಿರಲೇ ಇಲ್ಲ.

“ನಮ್ಮನೆ ಲಗ್ನಪತ್ರಿಕೆ ಎಲ್ಲಿಟ್ಟಿದೀಯಮ್ಮ?” ಎಂದಳು ವಾರಿಜಾ.

ಕಮಲಾದೇವಿ ಸೌಟು ಕೆಳಗಿಟ್ಟರು. “ಕೆರೇಲಿ.”

ಯಜಮಾನರು ಶಾಮಣ್ಣ ಪೇಪರಿನಿಂದ ತಲೆಯೆತ್ತಿದರು. “ಮಗಳ ಮದುವೇನೇ ವಿಸರ್ಜನೆ ಮಾಡ್ಬಿಟ್ಯಲ್ಲೇ!”

ಯಾರೂ ನಗಲಿಲ್ಲ. ವಾರಿಜಾ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅತ್ತಿದ್ದರೆ ಕಮಲಾದೇವಿಗೆ ಸಮಾಧಾನ ಹೇಳಲು ದಾರಿಯಾಗುತ್ತಿತ್ತು. ಅವಳು ಅಳಲಿಲ್ಲ.

ಎರಡು ದಿನ ಶಾಮಣ್ಣ ನೆಂಟರ ಮನೆಗಳನ್ನೆಲ್ಲ ಸುತ್ತಿದರು. ಮದುವೆ ಮುಗಿದ ಮೇಲೆ ಪತ್ರಿಕೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಚ್ಚುಕೂಟದಲ್ಲೂ ಮಾದರಿ ಉಳಿದಿರಲಿಲ್ಲ. ಕಮಲಾದೇವಿಗೆ ಊಟ ಸೇರಲಿಲ್ಲ, ಮಧ್ಯಾಹ್ನದ ನಿದ್ದೆಯೂ ಹತ್ತಲಿಲ್ಲ. ಮೂರನೆಯ ಬೆಳಿಗ್ಗೆ ಬೇಳೆ ಆರಿಸುತ್ತ ಕೂತವರಿಗೆ ತಮ್ಮದೇ ಒಂದು ಜಗಳ ನೆನಪಾಯಿತು. ಮದುವೆಯ ಅಡುಗೆಗೆ ಬಂದ ಸೀತಮ್ಮ ಸಾಮಾನಿನ ಪಟ್ಟಿಯನ್ನು ಲಗ್ನಪತ್ರಿಕೆಯ ಬೆನ್ನಿಗೇ ಬರೆಸಿಕೊಂಡಿದ್ದಳು. ‘ಶ್ರೀ’ಕಾರದ ಹಿಂದೆ ಇಂಗು ಮೆಣಸಿನಕಾಯಿ ಬರೆಸ್ತೀಯಲ್ಲ ಎಂದು ಅವಳನ್ನು ಚೆನ್ನಾಗಿ ಬೈದಿದ್ದರು.

ಬೇಳೆ ಮೊರದಲ್ಲೇ ಉಳಿಯಿತು. ಬಸ್ಸು ಹಿಡಿದು ವಿಲ್ಸನ್ ಗಾರ್ಡನ್ನಿಗೆ ಹೋಗಿ ಸೀತಮ್ಮನಿಗೆ ಕೆರೆಯ ಕತೆಯನ್ನೆಲ್ಲ ಹೇಳಿದರು.

ಸೀತಮ್ಮನ ಅಡುಗೆಮನೆಯ ಗೋಡೆಯಲ್ಲಿ ಮೊಳದುದ್ದದ ತಂತಿ. ಅದಕ್ಕೆ ಚುಚ್ಚಿದ ಲಗ್ನಪತ್ರಿಕೆಗಳು. ಅವಳಿಗೆ ಓದು ಬಾರದು. ಎಷ್ಟು ಎಲೆಯ ಊಟ, ಯಾವ ಬಣ್ಣದ ಪತ್ರಿಕೆ ಎಂಬುದು ಮಾತ್ರ ಬಾಯಿಪಾಠ. ಮುಂದಿನ ಮದುವೆಯವರಿಗೆ ಅದನ್ನೇ ಕೊಟ್ಟು ಪಟ್ಟಿ ಓದಿಸುತ್ತಿದ್ದಳು.

“ನಾನೂರು ಎಲೆ, ರೋಜಾ ಬಣ್ಣ. ನಿಮ್ಮದೇ,” ಎಂದು ಎಳೆದು ತೆಗೆದಳು. “ಅವತ್ತು ನನಗೆ ಏನೇನಂದ್ರಿ, ಜ್ಞಾಪಕ ಇದೆಯಾ ಕಮಲಮ್ಮಾ?”

“ಇದೆ ಮಾರಾಯ್ತಿ. ಈಗ ಕೊಡು.”

“ಕೊಟ್ರೆ ನಾನೂರು ಜನಕ್ಕೆ ನಾನೇನು ನೋಡಿ ಹುಳಿ ಮಾಡಿಸ್ಲಿ? ಮೊದ್ಲು ಪಟ್ಟಿ ಬೇರೆ ಕಾಗದಕ್ಕೆ ಇಳಿಸಿ.”

ಕಮಲಾದೇವಿ ನೆಲದ ಮೇಲೆ ಕೂತು ಪೆನ್ಸಿಲ್ ಹಿಡಿದರು.

“ಮೇಲೆ ಶ್ರೀ ಗೀ ಹಾಕ್ಬೇಡಿ ಮತ್ತೆ. ಇದನ್ನೂ ಕೆರೆಗೆ ಹಾಕ್ಬಿಟ್ಟೀರಿ!”

ಕಮಲಾದೇವಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬದನೆಕಾಯಿಯಿಂದ ಬಾಳೆಲೆಯವರೆಗೆ ಬರೆದು ಮುಗಿಸಿದರು.

ಎಣ್ಣೆಯ ಕಲೆಯಿದ್ದ ಆ ಪತ್ರಿಕೆಯಲ್ಲಿ ವಧೂವರರ ಹೆಸರು, ಮುಹೂರ್ತ, ಛತ್ರ ಎಲ್ಲ ಸ್ಪಷ್ಟವಾಗಿತ್ತು. ಶಾಮಣ್ಣ ಅದರ ಇಂಗ್ಲಿಷ್ ಅನುವಾದವನ್ನು ಟೈಪು ಮಾಡಿಸಿ ನೋಟರಿಯ ಮುದ್ರೆ ಹಾಕಿಸಿದರು. ತಂದೆ ಮಗಳು ಭಾನುವಾರ ಮದರಾಸಿಗೆ ಹೊರಟರು. ಸೋಮವಾರ ಸಂಜೆ ತಂತಿ ಬಂತು: ಅನುಮತಿ ಸಿಕ್ಕಿತು.

ಮರುದಿನ ಮನೆಗೆ ಬಂದ ಶಾಮಣ್ಣ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. “ದೊರೆ ಪತ್ರಿಕೆ ತಿರುಗಿಸಿ ನೋಡ್ದ, ಕಣೆ. ಹಿಂದೆ ಏನು ಬರೆದಿದೆ ಅಂತ ಕನ್ನಡ ಬಲ್ಲ ಗುಮಾಸ್ತನ ಕೈಲಿ ಪೂರ್ತಿ ಓದಿಸ್ದ. ಆಮೇಲೆ ಅಂದ, ಸುಳ್ಳು ಮದುವೆಗೆ ಯಾರೂ ಇಷ್ಟೊಂದು ಬದನೆಕಾಯಿ ತರಿಸೋದಿಲ್ಲ ಅಂತ!”

ವಾರಿಜಾ ಪಾಸ್‌ಪೋರ್ಟು ಬಿಡಿಸಿ ಮುದ್ರೆ ತೋರಿಸಿದಳು. ಕಮಲಾದೇವಿ ಕನ್ನಡಕ ಹಾಕಿಕೊಂಡು ನೋಡಿದರು.

“ಇದನ್ನ ನೀನೇ ಇಟ್ಕೋ. ನನ್ನ ಕೈಗೆ ಕೊಡ್ಬೇಡ,” ಎಂದರು.

ಊಟವಾದ ಮೇಲೆ ಕಮಲಾದೇವಿ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು. ಇಷ್ಟು ದಿನ ಹತ್ತದಿದ್ದ ನಿದ್ದೆ ಹತ್ತಿ, ಕಾಫಿಯ ಹೊತ್ತು ಮೀರಿದರೂ ಏಳಲಿಲ್ಲ. ಆ ದಿನದ ಕಾಫಿಯನ್ನು ಶಾಮಣ್ಣನವರೇ ಮಾಡಿದರು.